ಗುಲಾಬಿ ಬಣ್ಣದ ಮೌತ್ ಆರ್ಗನ್

ತೆಳ್ಳಗಿನ ಲೋಹದ ಪಟ್ಟಿ ಎಲ್ಲಿ ಕಂಡರೂ ಉಗುರಿನಿಂದ ಒಮ್ಮೆ ಮೀಟಿ ನೋಡುವ ಚಟವೊಂದು ನನಗೆ ಈಚೆಗೆ ಅಂಟಿಕೊಂಡಿದೆ. ಮೊನ್ನೆ ಹಂಪನಕಟ್ಟೆಯ ಹೋಟೆಲೊಂದರಲ್ಲಿ ಗೋಳಿಬಜೆಗೆ ಕಾಯುತ್ತ ಕುಳಿತಿದ್ದಾಗ ಮೇಜಿನ ಅಂಚಿನ ಸ್ಟೀಲ್ ಪಟ್ಟಿ ಸ್ವಲ್ಪ ಎದ್ದುಕೊಂಡದ್ದು ಕಂಡಿತು. ನನಗೇ ತಿಳಿಯದಂತೆ ಅದನ್ನು ಮೀಟುತ್ತ ಕುಳಿತುಬಿಟ್ಟೆ. ಸಪ್ಲಾಯರ್ ಎರಡು ಸಲ ಬಂದು ನೋಡಿ ಹೋದ. ಮೂರನೆಯ ಸಲ ಬಂದು, "ಎಂತ ಸಾರ್, ಅರ್ಜೆಂಟುಂಟಾ?" ಎಂದು ಕೇಳಿದ. ಮನೆಯಲ್ಲಿಯೂ ಹೆಂಡತಿಯ ಹೇರ್‌ಪಿನ್ನು, ಕನ್ನಡಕದ ಕಡ್ಡಿ, ಗೋಡೆ ಗಡಿಯಾರದ ಹಿಂದಿನ ಕೊಂಡಿ, ಯಾವುದಕ್ಕೂ ನನ್ನಿಂದ ಬಿಡುಗಡೆಯಿಲ್ಲ. "ನಿಮಗೆ ಪ್ರಾಯ ಆದ ಹಾಗೆ ಕೈ ಮಾತ್ರ ಸಣ್ಣ ಮಕ್ಕಳದ್ದಾಗ್ತಾ ಉಂಟು" ಎನ್ನುತ್ತಾಳೆ ಅವಳು.

ಈ ಚಟದ ಮೂಲ ನನ್ನ ಕೆಲಸದ ಮೇಜಿನ ಡ್ರಾಯರಿನಲ್ಲಿದೆ. ಗಂಟಲು ಕೆರೆತದ ಮಾತ್ರೆಯ ಹಳೆಯ ತಗಡಿನ ಡಬ್ಬಿ; ಅದರೊಳಗೆ ಅಕಾರ್ಡಿಯನ್ನಿನ ಒಂದು ರೀಡ್. ಕಿರುಬೆರಳಿನಷ್ಟು ಉದ್ದದ ಅಲ್ಯೂಮಿನಿಯಂ ತಗಡು, ಅದರಲ್ಲಿ ಎರಡು ಸೀಳು, ಒಂದೊಂದು ಸೀಳಿನ ಮೇಲೆ ಒಂದೊಂದು ಉಕ್ಕಿನ ನಾಲಿಗೆ. ನಾಲಿಗೆಯ ಬುಡ ಬಿಗಿದಿರುತ್ತದೆ, ತುದಿ ಸ್ವತಂತ್ರ. ಗಾಳಿ ನುಗ್ಗಿದಾಗ ಅದು ನಡುಗಿ ಸ್ವರವಾಗುತ್ತದೆ. ನನ್ನ ಡಬ್ಬಿಯ ರೀಡಿನಲ್ಲಿ ಒಂದು ನಾಲಿಗೆ ಸರಿಯಾಗಿದೆ, ಇನ್ನೊಂದು ಬುಡದಲ್ಲೇ ಮುರಿದಿದೆ. ಮುರಿದವನು ನಾನು.

ನಾನು ಯಾರು ಎಂದು ಹೇಳಬೇಕಲ್ಲ. ಅತ್ತಾವರದ ಒಂದು ಓಣಿಯಲ್ಲಿ ಕಟ್ಟು ಹಲ್ಲು ತಯಾರಿಸುವುದು ನನ್ನ ಕಸುಬು. ಹಲ್ಲಿನ ಡಾಕ್ಟರರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಮೇಣ, ಪ್ಲಾಸ್ಟರು, ಅಕ್ರಿಲಿಕ್ ಹಿಡಿದು ಹಲ್ಲಿನ ಸೆಟ್ ಮಾಡಿ ಕೊಡುತ್ತೇನೆ. ನಮ್ಮ ಕುಟುಂಬದವರೆಲ್ಲ ಮುಂಬಯಿಯಲ್ಲಿ ಹೋಟೆಲು ಮಾಡಿದವರು. ಅವರು ಜನರಿಗೆ ತಿನ್ನಿಸಿದರು, ತಿನ್ನಲು ಬೇಕಾದ ಸಲಕರಣೆಯನ್ನು ನಾನು ಒದಗಿಸಿದೆ. ಮದುವೆ ಮನೆಗಳಲ್ಲಿ ಮಾವಂದಿರು "ನಮ್ಮ ಶೇಖರ ಮೆಡಿಕಲ್ ಲೈನಿನಲ್ಲಿದ್ದಾನೆ" ಎಂದು ಪರಿಚಯಿಸುತ್ತಾರೆ. ನಾನು ತಿದ್ದುವುದಿಲ್ಲ.

ಸಂಗೀತಕ್ಕೂ ನನಗೂ ಸಂಬಂಧ ಬಂದದ್ದು ಎರಡೇ ಸಲ, ಎರಡರಲ್ಲೂ ನನಗೆ ಮರ್ಯಾದೆ ಸಿಗಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮುಂಬಯಿಯ ಮಾವ ಒಂದು ಮೌತ್ ಆರ್ಗನ್ ತಂದುಕೊಟ್ಟರು. ಎರಡು ದಿನ ಊದಿದೆ. ಮೂರನೆಯ ದಿನ, ಇಷ್ಟು ಸಣ್ಣ ಪೆಟ್ಟಿಗೆಯೊಳಗೆ ಅಷ್ಟು ಜನ ಹೇಗೆ ಕುಳಿತಿದ್ದಾರೆ ನೋಡೋಣ ಎಂದು ಅಜ್ಜಿಯ ಎಲೆಅಡಿಕೆ ತಟ್ಟೆಯ ಚೂರಿಯಿಂದ ಸ್ಕ್ರೂ ಬಿಚ್ಚಿದೆ. ಒಳಗೆ ಯಾರೂ ಇರಲಿಲ್ಲ. ಹಿತ್ತಾಳೆಯ ಕಡ್ಡಿಗಳಿದ್ದವು, ಸ್ವಲ್ಪ ನನ್ನದೇ ಎಂಜಲಿತ್ತು. ಸ್ಕ್ರೂಗಳಲ್ಲಿ ಒಂದು ಜಗಲಿಯ ಬಿರುಕಿಗೆ ಉರುಳಿ ಹೋಯಿತು. ಮತ್ತೆ ಜೋಡಿಸಲು ಬರಲಿಲ್ಲ. ಮಾವ ಪ್ರತಿ ವರ್ಷ ರಜೆಗೆ ಬಂದಾಗ "ಬಾರಿಸ್ತೀಯಾ?" ಎಂದು ಕೇಳುತ್ತಿದ್ದರು. "ಜಾಗ್ರತೆಯಲ್ಲಿ ಇಟ್ಟಿದ್ದೇನೆ" ಎನ್ನುತ್ತಿದ್ದೆ. ಸುಳ್ಳಲ್ಲ, ಇಟ್ಟಿದ್ದೆ, ನಾಲ್ಕು ತುಂಡಾಗಿ.

ಎರಡನೆಯದು ಶಾಲೆಯ ಪ್ರಾರ್ಥನೆ. ಎತ್ತರದವನೆಂದು ನನ್ನನ್ನು ಪ್ರಾರ್ಥನೆಯ ಗುಂಪಿಗೆ ಸೇರಿಸಿದ್ದರು. ಒಂದು ವಾರ ಕೇಳಿದ ಮೇಲೆ ಹಾಡಿನ ಟೀಚರು ನನ್ನನ್ನು ಬದಿಗೆ ಕರೆದು, "ನೋಡು, ನೀನು ಎಲ್ಲರಿಗಿಂತ ಒಂದು ಕೂದಲಿನಷ್ಟು ಮೇಲೆ ಹಾಡ್ತೀ. ಪೂರ್ತಿ ತಪ್ಪಿದರೆ ತಿದ್ದಬಹುದಿತ್ತು. ಇನ್ನು ಬಾಯಿ ಮಾತ್ರ ಆಡಿಸು, ಆಯ್ತಾ?" ಎಂದರು. ಆಡಿಸಿದೆ. ಹೈಸ್ಕೂಲು ಮುಗಿಯುವವರೆಗೂ ಆಡಿಸಿದೆ. ಈಗಲೂ ನಾಲ್ಕು ಜನ ಹಾಡುವಲ್ಲಿ ನಾನು ಬಾಯಿ ಮಾತ್ರ ಆಡಿಸುವವನು. ಮದುವೆಯಾಗಿ ಎಷ್ಟೋ ಕಾಲದ ನಂತರ ಒಂದು ಭಜನೆಯಲ್ಲಿ ಪಕ್ಕದಲ್ಲಿ ಕುಳಿತ ಹೆಂಡತಿಗೆ ಇದು ಗೊತ್ತಾಯಿತು. ಅವಳು ಯಾರಿಗೂ ಹೇಳಲಿಲ್ಲ, ಅಷ್ಟು ಉಪಕಾರ.

ಇಂಥವನ ಕೋಣೆಗೆ ಕಳೆದ ವರ್ಷ ಮಳೆ ಬಿಟ್ಟ ಮೇಲೆ ಎವ್ಲಿನ್ ಟೀಚರು ರಿಕ್ಷಾದಲ್ಲಿ ಒಂದು ಅಕಾರ್ಡಿಯನ್ ಹೇರಿಕೊಂಡು ಬಂದರು. ಜೊತೆಗೆ ಅವರ ತಂದೆ ಫೆಲಿಕ್ಸ್ ಪೊರ್ಬುಗಳು. ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಪೊರ್ಬುಗಳು ಎಂದು ಕರೆಯುವುದು ರೂಢಿ. ಅಪ್ಪ ಮಗಳು ಇರುವುದು ನಮ್ಮ ಓಣಿಯಲ್ಲೇ, ನಾಲ್ಕು ಗೇಟು ಆಚೆ. ಪೊರ್ಬುಗಳ ಬಾಯಲ್ಲಿರುವ ಹಲ್ಲು ನಾನು ಮಾಡಿದ್ದು. ನನ್ನ ಒಳ್ಳೆಯ ಕೆಲಸಗಳಲ್ಲಿ ಅದೊಂದು ಎಂದು ಅವರು ನಕ್ಕಾಗಲೆಲ್ಲ ನನಗೆ ಅನ್ನಿಸುತ್ತದೆ.

ಪೊರ್ಬುಗಳು ಹಿಂದೆ ಗಲ್ಫಿನಲ್ಲಿದ್ದವರು. ಓಣಿಯವರೆಲ್ಲ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಬಂದ ಕಾಲದಲ್ಲಿ ಅವರು ಹಳೆಯ ಅಕಾರ್ಡಿಯನ್ ಹೊತ್ತುಕೊಂಡು ಬಂದು ಹೆಂಡತಿಯಿಂದ ಬೈಗುಳ ತಿಂದವರು. ಆಮೇಲೆ ಅವರ ಕುಟುಂಬದಲ್ಲಿ ಅದಿಲ್ಲದೆ ಒಂದು ರೋಸೂ ನಡೆಯಲಿಲ್ಲ. ರೋಸ್ ಎಂದರೆ ಮದುವೆಯ ಮುಂಚಿನ ಸಂಜೆ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಹಿರಿಯ ಹೆಂಗಸರು ಕೊಂಕಣಿಯಲ್ಲಿ ಹಾಡು ಹೇಳುತ್ತಾರೆ, ಪೊರ್ಬುಗಳು ಬಾರಿಸುತ್ತಾರೆ. ಟೀಚರ ರೋಸಿಗೂ ಅವರೇ ಬಾರಿಸಿದ್ದು. ಈಗ ಟೀಚರ ಮಗಳು ಶರಲ್ ಎಂಬವಳ ಮದುವೆ ಕ್ರಿಸ್‌ಮಸ್ ಕಳೆದ ವಾರಕ್ಕೆ ಗೊತ್ತಾಗಿತ್ತು. ಆದರೆ ಪೊರ್ಬುಗಳಿಗೆ ಸ್ಟ್ರೋಕ್ ಆಗಿ ಎಡಗೈ ಸೋತಿತ್ತು. ಅಕಾರ್ಡಿಯನ್ನಿಗೆ ಗಾಳಿ ತುಂಬುವ ತಿದಿ ಎಳೆಯುವುದು ಎಡಗೈಯೇ.

"ಸ್ಪೀಕರಿನಲ್ಲಿ ಹಾಕುವ ಅಂತ ಶರಲ್ ಹೇಳ್ತಾಳೆ" ಎಂದರು ಟೀಚರು. "ಪಪ್ಪ ಎಂತ ಹೇಳ್ತಾರೆ ಗೊತ್ತುಂಟಾ? ಬಾರಿಸ್ಲಿಕ್ಕೆ ಆಗದಿದ್ದರೆ ರೋಸಿಗೆ ನಾನು ಕೋಣೆಯಿಂದ ಹೊರಗೇ ಬರುವುದಿಲ್ಲ ಅಂತ. ಅವರು ಹೇಳಿದ್ದು ಹೇಳಿದ ಹಾಗೆ ಮಾಡ್ತಾರೆ, ಶೇಖರಣ್ಣ. ನನ್ನ ಮಗಳ ತಲೆಗೆ ಅವಳ ಅಜ್ಜ ಹಾಲು ಹಾಕದೆ ಹೋದರೆ ನನಗೆ ಹೇಗಾಗ್ಬೇಡ?"

ಪೊರ್ಬುಗಳು ಇದನ್ನು ಬೇರೆ ಯಾರದೋ ಸುದ್ದಿಯೆಂಬಂತೆ ಕೇಳುತ್ತ ನನ್ನ ಮೇಜಿನ ಮೇಲಿನ ಪ್ಲಾಸ್ಟರಿನ ದವಡೆಗಳನ್ನು ನೋಡುತ್ತಿದ್ದರು. ಆಮೇಲೆ ಬಲಗೈಯಲ್ಲಿ ಅಕಾರ್ಡಿಯನ್ನಿನ ಮುಚ್ಚಳ ತೆರೆದು ತೋರಿಸಿದರು. ತಿದಿಗೆ ಬೂಸ್ಟು ಹಿಡಿದು ಮಡಿಕೆಗಳು ಒಡೆದಿದ್ದವು, ಚರ್ಮವನ್ನು ಜಿರಳೆ ತಿಂದಿತ್ತು. ಒಳಗೆ ಮರದ ಪಟ್ಟಿಗಳ ಮೇಲೆ ಮೇಣದಲ್ಲಿ ಕೂರಿಸಿದ ರೀಡುಗಳ ಸಾಲು. ಕೆಲವು ತುಕ್ಕು ಹಿಡಿದಿದ್ದವು, ಹೆಚ್ಚಿನವು ಹೊಳೆಯುತ್ತಿದ್ದವು.

"ಹೊಟ್ಟೆ ಹೋಗಿದೆ, ಗಂಟಲು ಉಂಟು" ಎಂದರು ಪೊರ್ಬುಗಳು. "ಈ ರೀಡ್ ತೆಗೆದು ಬಾಯಿಯಲ್ಲಿ ಊದುವ ಹಾಗೆ ಒಂದು ಮೌತ್ ಆರ್ಗನ್ ಮಾಡು. ಒಂದು ಕೈಯಲ್ಲಿ ಹಿಡಿಯಬಹುದು."

"ಪೊರ್ಬುಗಳೇ, ಅಂಗಡಿಯಲ್ಲಿ ಸಿಗ್ತದಲ್ಲ?"

"ಅಂಗಡಿಯದ್ದು ಊದಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ನನ್ನ ಮಂಡೆಗೆ ಈಗ ಅಷ್ಟು ಆಗುವುದಿಲ್ಲ ಮಾರಾಯ. ಇದು ಊದಿದರೂ ಅದೇ, ಎಳೆದರೂ ಅದೇ. ಮತ್ತೆ ಇದರ ಶಬ್ದ ನನಗೆ ಗೊತ್ತುಂಟು."

"ನಾನು ಹಲ್ಲು ಮಾಡುವವನು."

"ಬಾಯಿಯ ಕೆಲಸವೇ ಅಲ್ವಾ ಇದೂ?"

ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆ ಎಂದು ಆಮೇಲೆ ಯೋಚಿಸಿದ್ದೇನೆ. ಬಿಚ್ಚಿದ್ದನ್ನು ಒಮ್ಮೆಯಾದರೂ ಮತ್ತೆ ಜೋಡಿಸಿ ತೋರಿಸಬೇಕೆಂಬ ನಾಲ್ಕನೇ ಕ್ಲಾಸಿನ ಹಟ ಇದ್ದಿರಬೇಕು.

ಕೆಲಸ ನಾನೆಣಿಸಿದ್ದಕ್ಕಿಂತ ಸುಲಭವೂ ಆಗಿತ್ತು, ಕಷ್ಟವೂ ಆಗಿತ್ತು. ಪೊರ್ಬುಗಳು ರೋಸಿನಲ್ಲಿ ಬಾರಿಸುವ ಹಾಡಿಗೆ ಎಂಟು ಸ್ವರ ಸಾಕು. ಅಕಾರ್ಡಿಯನ್ನಿನಲ್ಲಿ ಒಂದೊಂದು ಸ್ವರಕ್ಕೆ ಎರಡೆರಡು ರೀಡು ಒಟ್ಟಿಗೆ ನುಡಿಯುತ್ತವೆ, ಅಂದರೆ ಹದಿನಾರು. ಎಂಟು ತೂತು, ಪ್ರತಿ ತೂತಿಗೆ ಮೇಲೊಂದು ಕೆಳಗೊಂದು ರೀಡು. ಮೊದಲು ಪೆಟ್ಟಿಗೆಯನ್ನು ಹಲಸಿನ ಮರದಲ್ಲಿ ಕೊರೆಸಿದೆ. ಎಂಜಲು ತಾಗಿ ಮರ ಉಬ್ಬಿತು. ಎಂಜಲಿಗೆ ಹೆದರದ ವಸ್ತು ನನ್ನ ಕೋಣೆಯಲ್ಲಿ ಒಂದೇ ಇತ್ತು, ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್. ಅದು ಬರುವುದು ಒಸಡಿನ ಬಣ್ಣದಲ್ಲಿ. ಮೇಣದಲ್ಲಿ ಆಕಾರ ಮಾಡಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಅಕ್ರಿಲಿಕ್ ತುಂಬಿ ಬೇಯಿಸಿ ತೆಗೆದಾಗ ಕೈಯಲ್ಲಿದ್ದದ್ದು ಬಟ್ಟೆ ಸೋಪಿನ ದೊಡ್ಡ ಬಾರಿನಷ್ಟು ಗಾತ್ರದ ಗುಲಾಬಿ ಬಣ್ಣದ ಒಂದು ವಸ್ತು. ಹೆಂಡತಿ ನೋಡಿ, "ಇದಕ್ಕೆ ಹಲ್ಲು ಇಡುವುದು ಯಾವಾಗ?" ಎಂದು ಕೇಳಿದಳು.

ರೀಡು ಕೂರಿಸಲು ನನ್ನ ಕಸುಬಿನ ಮೇಣ ಬಳಸಿದೆ. ಬಾಯಿಯ ಬಿಸಿಗೆ ಅದು ಮೆತ್ತಗಾಗಿ ಮೂರು ರೀಡುಗಳು ಜಾರಿದವು. ಪೊರ್ಬುಗಳನ್ನು ಕೇಳಿದಾಗ "ಜೇನುಮೇಣಕ್ಕೆ ಸ್ವಲ್ಪ ರಾಳ ಸೇರಿಸು" ಎಂದರು. ಸೇರಿಸಿದೆ, ನಿಂತಿತು.

ಇನ್ನು ಶ್ರುತಿ. ಇಲ್ಲಿ ನಾನು ಎಡವಿದೆ, ಅದೂ ಬಹಳ ಶ್ರದ್ಧೆಯಿಂದ ಎಡವಿದೆ. ನನ್ನ ಕಿವಿಯ ಮೇಲೆ ನನಗೆ ನಂಬಿಕೆಯಿಲ್ಲದ ಕಾರಣ ಮೊಬೈಲಿಗೆ ಶ್ರುತಿ ತೋರಿಸುವ ಆಪ್ ಹಾಕಿಕೊಂಡಿದ್ದೆ. ಸ್ವರ ಸರಿಯಿದ್ದರೆ ಮುಳ್ಳು ನಡುವಿಗೆ ಬಂದು ಹಸಿರಾಗುತ್ತದೆ. ಆ ದಿನಗಳಲ್ಲಿ ನಾನು ಅಳೆಯದೆ ಬಿಟ್ಟದ್ದಿಲ್ಲ. ಮಿಕ್ಸಿ ಅಳೆದೆ, ಕುಕ್ಕರಿನ ಸೀಟಿ ಅಳೆದೆ, ನಂತೂರಿನ ವೃತ್ತದಲ್ಲಿ ಸ್ಕೂಟರ್ ನಿಲ್ಲಿಸಿ ಲಾರಿಗಳ ಹಾರ್ನ್ ಅಳೆದು ಹಿಂದಿನವರಿಂದ ತುಳುವಿನಲ್ಲಿ ಬೈಸಿಕೊಂಡೆ. ಹೀಗೆ ಅಳೆಯುವಾಗ ಗೊತ್ತಾಯಿತು, ಅಕಾರ್ಡಿಯನ್ನಿನ ಪ್ರತಿ ಜೋಡಿಯಲ್ಲಿ ಒಂದು ರೀಡು ಸರಿಯಾಗಿದೆ, ಅದರ ಜೊತೆಯದು ತುಸು ಮೇಲಿದೆ. ಉಪ್ಪುಗಾಳಿ, ತುಕ್ಕು, ಇಷ್ಟು ವರ್ಷದ ಅಲಕ್ಷ್ಯ, ಇನ್ನೇನಾಗುತ್ತದೆ ಎಂದುಕೊಂಡೆ. ನಾಲಿಗೆಯ ತುದಿ ಅರೆದರೆ ಸ್ವರ ಏರುತ್ತದೆ, ಬುಡ ಅರೆದರೆ ಇಳಿಯುತ್ತದೆ. ಕಟ್ಟು ಹಲ್ಲು ನಯ ಮಾಡುವ ಸಣ್ಣ ಅರ ತೆಗೆದುಕೊಂಡು ಎರಡು ವಾರ ಕುಳಿತು, ಮೇಲಿದ್ದ ಎಲ್ಲವನ್ನೂ ಇಳಿಸಿ ಮುಳ್ಳಿನ ನಡುವಿಗೆ ತಂದೆ. ಹದಿನಾರೂ ಹಸಿರು. ಅಂಥ ಅಚ್ಚುಕಟ್ಟು ಕೆಲಸ ನಾನು ಹಲ್ಲಿನಲ್ಲೂ ಮಾಡಿದ್ದಿಲ್ಲ.

ಪೊರ್ಬುಗಳು ಬಂದರು. ಬಣ್ಣ ನೋಡಿ ಮನಸಾರೆ ನಕ್ಕರು. ಬಲಗೈಯಲ್ಲಿ ಹಿಡಿದು ಊದಿದರು. ಸ್ವರಗಳು ಒಂದೊಂದಾಗಿ, ಸ್ವಚ್ಛವಾಗಿ ಬಂದವು. ನಾಲ್ಕು ಸಾಲು ಬಾರಿಸಿ ತುಟಿ ಒರೆಸಿಕೊಂಡು, "ಲಾಯ್ಕುಂಟು ಶೇಖರ. ಕೆಲಸ ಕ್ಲೀನ್ ಉಂಟು" ಎಂದರು. ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಒಂದು ವಾರ ಖುಷಿಯಲ್ಲಿದ್ದೆ.

ವಾರ ಕಳೆದು ಟೀಚರು ಬಂದರು. "ಪಪ್ಪ ಅದನ್ನು ಮುಟ್ಟುವುದೇ ಇಲ್ಲ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಕಪಾಟಿನಲ್ಲಿ ಇಟ್ಟಿದ್ದಾರೆ."

ನಾನು ಅವರ ಜೊತೆಗೇ ನಾಲ್ಕು ಗೇಟು ನಡೆದು ಹೋದೆ. ಪೊರ್ಬುಗಳು ವರಾಂಡದಲ್ಲಿದ್ದರು. ಎದುರಿಗೆ ಕುಳಿತೆ. ಸ್ವಲ್ಪ ಹೊತ್ತು ಹವೆಯ ಮಾತಾಡಿದರು. ಆಮೇಲೆ ತಾವಾಗಿಯೇ, "ನೋಡು, ಮೊದಲು ಒಂದೊಂದು ಸ್ವರಕ್ಕೆ ಇಬ್ಬರು ಇದ್ದರು. ಒಬ್ಬ ಸರಿ ಹಾಡ್ತಿದ್ದ, ಇನ್ನೊಬ್ಬ ಸ್ವಲ್ಪ ಮೇಲೆ. ಅದಕ್ಕೇ ಅದು ನಡುಗುವುದು, ಮನೆ ತುಂಬ ಜನ ಇದ್ದ ಹಾಗೆ ಕೇಳುವುದು. ಹಾಗೆಯೇ ಮಾಡುವುದು ಅದನ್ನು, ಮಾಡುವವರು. ನೀನು ಇಬ್ಬರನ್ನೂ ಒಂದೇ ಮಾಡಿಬಿಟ್ಟಿ. ಈಗ ಒಬ್ಬನೇ ಇದ್ದಾನೆ. ಒಬ್ಬನೇ ಊದಿಕೊಂಡು ರೋಸಿನಲ್ಲಿ ಎಂತಕ್ಕೆ ಕೂತುಕೊಳ್ಳುವುದು ಮಾರಾಯ?" ಎಂದರು.

ನನಗೆ ನಾಚಿಕೆಯಾಯಿತು. ಇದು ನನಗೆ ಹೊಸ ಪಾಠವೂ ಆಗಿರಲಿಲ್ಲ. ಕಸುಬಿನ ಆರಂಭದಲ್ಲಿ ಒಬ್ಬರ ಸೆಟ್ ಮಾಡಿ ಕಳಿಸಿದ್ದೆ. ಹಲ್ಲುಗಳೆಲ್ಲ ಒಂದೇ ಸಮ, ಒಂದೇ ಸಾಲು. ಮರುದಿನ ಅವರ ಹೆಂಡತಿ ಮದುವೆಯ ಫೋಟೋ ಹಿಡಿದು ಬಂದು, "ಇದು ನನ್ನ ಗಂಡನ ಬಾಯಿ ಅಲ್ಲ" ಎಂದಿದ್ದರು. ಫೋಟೋದಲ್ಲಿ ಒಂದು ಮುಂದಿನ ಹಲ್ಲು ಸ್ವಲ್ಪ ತಿರುಗಿ ಕುಳಿತಿತ್ತು. ಮತ್ತೆ ಮೇಣ ಬಿಸಿ ಮಾಡಿ ಆ ಹಲ್ಲನ್ನು ಅಷ್ಟೇ ತಿರುಗಿಸಿ ಕೊಟ್ಟ ಮೇಲೆ ಆಕೆ ಅದನ್ನು ನೋಡಿ ಅತ್ತಿದ್ದರು. ಅಂದಿನಿಂದ ಹಳೆಯ ಫೋಟೋ ಕೇಳದೆ ನಾನು ಒಂದು ಸೆಟ್ಟೂ ಮಾಡಿದವನಲ್ಲ. ಪೊರ್ಬುಗಳ ಬಾಯಿಯಲ್ಲೂ ಕೆಳಗಿನ ಎರಡು ಹಲ್ಲನ್ನು ನಾನೇ ಸೊಟ್ಟ ಇಟ್ಟಿದ್ದೇನೆ. ರೀಡಿನ ವಿಷಯದಲ್ಲಿ ಮಾತ್ರ ಫೋಟೋ ಕೇಳಲು ಮರೆತೆ.

"ನಾಳೆಯಿಂದ ದಿನಾ ಬನ್ನಿ. ನೀವು ಕೇಳಿ, ನಾನು ಅರೆಯುತ್ತೇನೆ" ಎಂದೆ.

ಬಂದರು. ಆಪ್ ಅಳಿಸಿಹಾಕಿದೆ. ನಾನು ನಾಲಿಗೆಯ ತುದಿಯನ್ನು ಎರಡೆರಡು ಸಲ ಮಾತ್ರ ಅರೆದು ಕೊಡುವುದು, ಅವರು ಊದಿ ನೋಡಿ "ಇನ್ನು ಸ್ವಲ್ಪ" ಎನ್ನುವುದು, ಮತ್ತೆ ಅರೆಯುವುದು, "ಸಾಕು, ಸಾಕು" ಎನ್ನುವುದು. ಮೊದಲ ದಿನವೇ ಇನ್ನೊಂದು ತೊಡಕು ಕಂಡಿತು. ಅವರು ಜೋರಾಗಿ ಗಾಳಿ ಎಳೆದರೆ ಮೇಲಿನ ಸೆಟ್ ಕಳಚಿ ಬೀಳುತ್ತಿತ್ತು. ನನ್ನ ಎದುರಿಗೇ ಎರಡು ಸಲ ಬಿತ್ತು. ಅವರು ಸಂಕೋಚಪಡದೆ ಎರಡೂ ಸೆಟ್ ತೆಗೆದು ನನ್ನ ನೀರಿನ ಗ್ಲಾಸಿಗೆ ಹಾಕಿ ಊದಿದರು. ಬೊಚ್ಚು ಬಾಯಲ್ಲಿ ಮೌತ್ ಆರ್ಗನ್ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ನಾನು ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆಯೇ ಸಂಶಯ ಬಂತು. ನನ್ನ ಒಳ್ಳೆಯ ಕೆಲಸ ಗ್ಲಾಸಿನಲ್ಲಿ ನಗುತ್ತ ಕುಳಿತಿತ್ತು. ಅದೇ ಹಾಡನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿ, ಕೊಂಕಣಿಯ ಒಂದು ಪದವೂ ಅರ್ಥವಾಗದಿದ್ದರೂ ರಾಗ ನನಗೆ ಬಾಯಿಪಾಠವಾಯಿತು.

ಹದಿನೈದು ಸರಿಹೋದವು. ಐದನೆಯ ತೂತಿನ ಕೆಳಗಿನ ರೀಡನ್ನು ನಾನು ಹಿಂದೆಯೇ ಬುಡದಲ್ಲಿ ತುಂಬ ಅರೆದಿದ್ದೆ. ತುದಿ ಅರೆಯಲು ಹೋದಾಗ ನಾಲಿಗೆ ಟಪ್ಪೆಂದು ಮುರಿದು ಮೇಜಿನ ಮೇಲೆ ಬಿತ್ತು. ಬದಲಿಗೆ ಹಾಕಬಹುದಾದ ಅಕ್ಕಪಕ್ಕದ ಸ್ವರದ ರೀಡುಗಳನ್ನು ತುಕ್ಕು ತಿಂದಿತ್ತು. ರೋಸಿಗೆ ಮೂರು ದಿನ ಉಳಿದಿತ್ತು. ನನ್ನ ಮುಖ ನೋಡಿ ಪೊರ್ಬುಗಳಿಗೇ ಪಾಪ ಅನ್ನಿಸಿರಬೇಕು.

"ಇರಲಿ ಬಿಡು" ಎಂದರು. "ಐದನೆಯದು ಉದ್ದಕ್ಕೆ ಬರುವುದು ಹೆಂಗಸರೆಲ್ಲ ಒಟ್ಟಿಗೆ ಎತ್ತಿ ಹಾಡುವ ಜಾಗದಲ್ಲಿ. ಅಲ್ಲಿ ನನ್ನದು ಯಾರಿಗೆ ಕೇಳ್ತದೆ? ಜನ ಹಾಡ್ತಾರೆ."

ಮುರಿದ ರೀಡು ತೆಗೆದು, ಆ ಜಾಗ ಮುಚ್ಚಿ ಕೊಟ್ಟೆ.

ರೋಸಿಗೆ ಅವರ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಶರಲ್ ಮಣೆಯ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ತೆಂಗಿನಹಾಲಿನ ಪಾತ್ರೆ. ಪೊರ್ಬುಗಳು ಕೋಣೆಯಿಂದ ಹೊರಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲಗೈಯಲ್ಲಿ ಗುಲಾಬಿ ಬಣ್ಣದ ಆ ವಸ್ತು. ಎಡಗೈಯನ್ನು ಟೀಚರು ಹಿಡಿದುಕೊಂಡಿದ್ದರು. ಕುರ್ಚಿಯಲ್ಲಿ ಕುಳಿತು, ಇಡೀ ಕುಟುಂಬದ ಎದುರಿನಲ್ಲಿ ಎರಡೂ ಸೆಟ್ ತೆಗೆದು, ಕರವಸ್ತ್ರದಲ್ಲಿ ಸುತ್ತಿ, "ಹಿಡ್ಕೋ ಶೇಖರ" ಎಂದು ನನ್ನ ಕೈಗೆ ಕೊಟ್ಟರು. ನಾನು ಅವರ ಕುರ್ಚಿಯ ಹಿಂದೆ, ಅವರ ಕಿವಿಯ ಬಳಿ ನಿಂತೆ.

ಮೊದಲ ಸಾಲು ಬಂತು. ಅದು ನಡುಗುತ್ತಿತ್ತು. ಒಬ್ಬನ ಜೊತೆ ಇನ್ನೊಬ್ಬ ಸ್ವಲ್ಪ ಮೇಲೆ. ಪ್ರಾಯದ ಇಬ್ಬರು ಹೆಂಗಸರು ಮೆಲ್ಲಗೆ ಹಾಡತೊಡಗಿದರು. ಎಲ್ಲರೂ ಎತ್ತಿಕೊಳ್ಳಬೇಕಾದ ಸಾಲು ಬಂದಾಗ ಮಾತ್ರ ಆ ಇಬ್ಬರಿಗೂ ಉಸಿರು ಸಾಲಲಿಲ್ಲ. ಉಳಿದವರ ಕೈಯಲ್ಲೆಲ್ಲ ಮೊಬೈಲುಗಳಿದ್ದವು. ವಿಡಿಯೋದಲ್ಲಿ ತಮ್ಮ ಸ್ವರ ಬರಬಾರದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಟೀಚರು ಹಾಲು ಮೆತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು, ಹಾಡುವುದನ್ನೂ ಮರೆತು ಅಪ್ಪನನ್ನೇ ನೋಡುತ್ತಿದ್ದರು. ಐದನೆಯ ಸ್ವರ ಒಂಟಿಯಾಗಿ, ಚಳಿಯಾಗುವಷ್ಟು ಸ್ವಚ್ಛವಾಗಿ, ಚಪ್ಪರದ ತುಂಬ ಕೇಳಿತು. ಪೊರ್ಬುಗಳ ಭುಜ ಇಳಿದದ್ದು ಹಿಂದಿನಿಂದ ನನಗೆ ಕಂಡಿತು. ಎರಡನೆಯ ಚರಣಕ್ಕೆ ಉಸಿರು ಎಳೆಯಲು ಅವರು ತಡ ಮಾಡಿದರು. ಇಲ್ಲಿಗೆ ನಿಲ್ಲಿಸುತ್ತಾರೆ ಎಂದುಕೊಂಡೆ.

ಅವರು ನಿಲ್ಲಿಸಲಿಲ್ಲ. ಎರಡನೆಯ ಚರಣ ಎತ್ತಿದರು. ಅದೇ ಜಾಗ ಮತ್ತೆ ಹತ್ತಿರವಾಯಿತು. ಒಂದು ಕೈಯಲ್ಲಿ ಅವರ ಹಲ್ಲು ಹಿಡಿದುಕೊಂಡು ನಾನು ಬಾಯಿ ತೆರೆದೆ. ಈ ಸಲ ಬಾಯಿ ಮಾತ್ರ ಆಡಿಸಲಿಲ್ಲ. ಪದ ಗೊತ್ತಿಲ್ಲದ ಕಾರಣ ಬರೀ 'ಆ' ಎಂದೆ. ನನ್ನ ಸ್ವರ, ಶಾಲೆಯಲ್ಲಿದ್ದ ಹಾಗೆಯೇ, ಒಂದು ಕೂದಲಿನಷ್ಟು ಮೇಲೆ ಇತ್ತು. ಐದನೆಯದು ನಡುಗಿತು. ಯಾರೋ ಹುಡುಗಿ ನಕ್ಕಳು, ಇನ್ಯಾರೋ ಮೊಬೈಲು ನನ್ನ ಕಡೆ ತಿರುಗಿಸಿದರು. ನಾನು ನಿಲ್ಲಿಸಲಿಲ್ಲ. ಮೂರನೆಯ ಚರಣಕ್ಕೆ ಟೀಚರೂ ಸೇರಿದರು.

ಹಾಡು ಮುಗಿದ ಮೇಲೆ ಪೊರ್ಬುಗಳು ಎದ್ದು ಹೋಗಿ ಮೊಮ್ಮಗಳ ತಲೆಗೆ ಒಂದು ಕೈಯಲ್ಲಿ ಹಾಲು ಸುರಿದರು. ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಆಮೇಲೆ ನನ್ನನ್ನು ಬಗ್ಗುವಂತೆ ಸನ್ನೆ ಮಾಡಿ, ಬೊಚ್ಚು ಬಾಯಲ್ಲಿ ಮೆಲ್ಲಗೆ ಕೇಳಿದರು.

"ಐದನೆಯದ್ದನ್ನು ಯಾವಾಗ ಸರಿ ಮಾಡಿದೆ ಮಾರಾಯ?"

ನಾನು ಕರವಸ್ತ್ರ ಬಿಚ್ಚಿ ಅವರ ಹಲ್ಲು ಅವರಿಗೆ ಕೊಟ್ಟೆ.